ಗುಡ್ಡದ ದಾರಿಯ ಸೈಕಲ್ಲಿಗೆ ಎಲೆಕ್ಟ್ರಿಕ್ ಕಿಟ್ ಆರಿಸುವುದು ಹೇಗೆ

ಮೌಂಟನ್ ಬೈಕಿಗೆ ಎಲೆಕ್ಟ್ರಿಕ್ ಕಿಟ್ ಕೂರಿಸಲು ಹೊರಟವರು ಮೊದಲು ವಿಚಾರಿಸುವುದು ಮೋಟಾರ್ ಎಷ್ಟು ವ್ಯಾಟಿನದು ಎಂದು. ಆದರೆ ಯಾವ ಕಿಟ್ ಹೊಂದುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ನಿಮ್ಮ ಸೈಕಲ್ಲಿನ ಫ್ರೇಮ್ ಮತ್ತು ನೀವು ಹತ್ತಬೇಕಾದ ಏರು. ವ್ಯಾಟಿನ ಮಾತು ಆಮೇಲಿನದು.

ಮೋಟಾರ್ ಚಕ್ರದ ನಡುವೆ ಕೂರುವ ಹಬ್ ಕಿಟ್ ಒಂದು ಬಗೆ; ಪೆಡಲಿನ ಅಚ್ಚಿನ ಜಾಗದಲ್ಲಿ ಕೂರುವ ಮಿಡ್-ಡ್ರೈವ್ ಇನ್ನೊಂದು. ಸವಾರ ಮತ್ತು ಸೈಕಲ್ ಸೇರಿ 95 ಕಿಲೋ ತೂಕವಿದೆ, ನೂರು ಮೀಟರಿಗೆ ಹತ್ತು ಮೀಟರ್ ಏರುವ ಕಾಫಿ ತೋಟದ ಮಣ್ಣುದಾರಿಯನ್ನು ಗಂಟೆಗೆ 7 ಕಿ.ಮೀ. ವೇಗದಲ್ಲಿ ಹತ್ತಬೇಕಿದೆ ಎಂದುಕೊಳ್ಳಿ. ಆ ತೂಕವನ್ನು ಮೇಲೆತ್ತುವುದಕ್ಕೇ ಸುಮಾರು 180 ವ್ಯಾಟ್ ಬೇಕು. ಮಣ್ಣು, ಕಲ್ಲುಗಳ ಎಳೆತ ಬೇರೆ. ಆ ವೇಗದಲ್ಲಿ 29 ಇಂಚಿನ ಚಕ್ರ ತಿರುಗುವುದು ನಿಮಿಷಕ್ಕೆ 50 ಸುತ್ತು ಮಾತ್ರ. ಗಂಟೆಗೆ 25 ಕಿ.ಮೀ. ಓಟಕ್ಕೆ, ಅಂದರೆ ಸುಮಾರು 180 ಸುತ್ತಿಗೆ, ಹೊಂದಿಸಿದ ಹಬ್ ಮೋಟಾರನ್ನು 50 ಸುತ್ತಿನಲ್ಲಿ ದುಡಿಸಿದರೆ ವಿದ್ಯುತ್ತಿನ ದೊಡ್ಡ ಪಾಲು ಬಿಸಿಯಾಗಿ ಪೋಲಾಗುತ್ತದೆ. ಮಿಡ್-ಡ್ರೈವ್ ಸೈಕಲ್ಲಿನ ಗೇರನ್ನೇ ಬಳಸಿಕೊಳ್ಳುವುದರಿಂದ ಚಕ್ರ ನಿಧಾನವಾದರೂ ಮೋಟಾರ್ ತನಗೆ ಹಿತವಾದ ವೇಗದಲ್ಲೇ ತಿರುಗುತ್ತದೆ. ಚೈನು ಬೇಗ ಸವೆಯುವುದು ನಿಜ. ಆದರೂ ಗುಡ್ಡದ ಸವಾರಿಗೆ ನಾನು ಹೇಳುವುದು ಮಿಡ್-ಡ್ರೈವನ್ನೇ.

ಅದರಲ್ಲೂ ಮುಂದಿನ ಹಲ್ಲುಚಕ್ರವನ್ನು ನೋಡಿ ಕೊಳ್ಳಬೇಕು. ಹಲವು ಕಿಟ್‌ಗಳ ಜೊತೆ ಬರುವುದು 44 ಅಥವಾ 46 ಹಲ್ಲಿನದು, ಡಾಂಬರು ರಸ್ತೆಗೆ ತಕ್ಕದ್ದು. ಹಿಂದೆ 46 ಹಲ್ಲಿನ ದೊಡ್ಡ ಗೇರ್ ಇದ್ದರೂ ಮೇಲೆ ಹೇಳಿದ ಏರಿನಲ್ಲಿ 44 ಹಲ್ಲಿನ ಚಕ್ರದಿಂದ ಪೆಡಲ್ ನಿಮಿಷಕ್ಕೆ 52 ಸುತ್ತಷ್ಟೇ ತಿರುಗುತ್ತದೆ. 34 ಹಲ್ಲಿನದಾದರೆ 68 ಸುತ್ತಾಗಿ ಕಾಲಿಗೂ ಮೋಟಾರಿಗೂ ಹಗುರ. ಸಣ್ಣ ಹಲ್ಲುಚಕ್ರ ಸಿಗುತ್ತದೆಯೇ, ಅದನ್ನು ಹಾಕಿದಾಗ ಚೈನು ಓರೆಯಾಗುವುದಿಲ್ಲವೇ ಎಂದು ಕೇಳಿಯೇ ಹಣ ಕೊಡಿ.

ಇನ್ನು ಅಳತೆ. ಕ್ರ್ಯಾಂಕ್ (ಪೆಡಲಿನ ತೋಳು) ಬಿಚ್ಚಿಸಿ ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು) ಕೂರುವ ಕೊಳವೆಯನ್ನು ನೋಡಿರಿ. ಒಳಗೆ ತಿರುಪಿನ ಮರೆ (ಥ್ರೆಡ್) ಇದ್ದು ಅಗಲ 68 ಅಥವಾ 73 ಮಿ.ಮೀ. ಇದ್ದರೆ ಬಾಫಾಂಗ್ ಬಿಬಿಎಸ್02, ಟಾಂಗ್‌ಶೆಂಗ್ ಟಿಎಸ್‌ಡಿಝಡ್2 ಮುಂತಾದ ಸಾಮಾನ್ಯ ಕಿಟ್‌ಗಳು ಕೂರುತ್ತವೆ. ಮರೆಯಿಲ್ಲದ ಪ್ರೆಸ್-ಫಿಟ್ ಕೊಳವೆಗೆ ಅಡಾಪ್ಟರ್ ಬೇಕು, ದಪ್ಪ ಟೈರಿನ ಸೈಕಲ್ಲಿಗೆ ಅಗಲವಾದ ಅಚ್ಚಿನ ಮಾದರಿಯೇ ಬೇಕು. ಅಳತೆ ಸರಿಯಿದ್ದರೂ ಹಿಂಚಕ್ರದ ಕಡೆಗೆ ಹೋಗುವ ಕೊಳವೆ ಉಬ್ಬಿದ್ದರೆ ಮೋಟಾರಿನ ಬಲಬದಿ ಅದಕ್ಕೆ ತಾಗುತ್ತದೆ. ಮಾರುವವರ ನಕ್ಷೆಯ ಅಳತೆಗೆ ರಟ್ಟು ಕತ್ತರಿಸಿ ಹಿಡಿದು ನೋಡಿದರೆ ಅದು ಮೊದಲೇ ತಿಳಿಯುತ್ತದೆ. ಬ್ಯಾಟರಿಗೂ ಹೀಗೆಯೇ ರಟ್ಟಿನ ಅಚ್ಚು ಮಾಡಿ. ಹಿಂದೆಯೂ ಸಸ್ಪೆನ್ಷನ್ ಇರುವ ಸೈಕಲ್ಲುಗಳಲ್ಲಿ ಅದಕ್ಕೆ ಜಾಗವಾಗುವುದೇ ಕಷ್ಟ, ಕ್ಯಾರಿಯರ್ ಮೇಲೆ ಹೇರಿದ ಬ್ಯಾಟರಿ ಇಳಿಜಾರಿನಲ್ಲಿ ಸೈಕಲ್ಲನ್ನು ಓಲಾಡಿಸುತ್ತದೆ. ಕಾರ್ಬನ್ ಫ್ರೇಮ್ ಆದರೆ ಈ ಸಾಹಸವೇ ಬೇಡ.

ಸೆನ್ಸರ್ ವಿಷಯದಲ್ಲಿ ರಾಜಿಯಾಗಬೇಡಿ. ಬಿಬಿಎಸ್02ನಲ್ಲಿರುವ ಕೇಡೆನ್ಸ್ ಸೆನ್ಸರ್ ಪೆಡಲ್ ತಿರುಗಿತೆಂದಷ್ಟೇ ಅರಿಯುತ್ತದೆ. ಟಿಎಸ್‌ಡಿಝಡ್2ನ ಟಾರ್ಕ್ ಸೆನ್ಸರ್ ನೀವು ತುಳಿದ ಬಲಕ್ಕೆ ತಕ್ಕಂತೆ ಶಕ್ತಿ ಕೊಡುತ್ತದೆ. ಸಡಿಲ ಜಲ್ಲಿಯ ಮೇಲೆ, ಮಳೆಗಾಲದ ಪಾಚಿಗಲ್ಲಿನ ಮೇಲೆ ಹಿಂಚಕ್ರ ಜಾರದಂತೆ ಹತ್ತಲು ಎರಡನೆಯದೇ ಲೇಸು.

ಬ್ಯಾಟರಿಯನ್ನು ಕಿಲೋಮೀಟರಿನ ಲೆಕ್ಕದಲ್ಲಲ್ಲ, ಹತ್ತುವ ಎತ್ತರದ ಲೆಕ್ಕದಲ್ಲಿ ಅಳೆಯಿರಿ. 95 ಕಿಲೋ ತೂಕ ನೂರು ಮೀಟರ್ ಮೇಲೇರಲು ಸುಮಾರು 26 ವ್ಯಾಟ್-ಅವರ್ (ಬ್ಯಾಟರಿಯಲ್ಲಿರುವ ವಿದ್ಯುತ್ತಿನ ಅಳತೆ), ಸೋರಿಕೆ ಸೇರಿದರೆ 35ರಷ್ಟು ಬೇಕು. 36 ವೋಲ್ಟಿನ 14 ಆಂಪ್-ಅವರ್ ಬ್ಯಾಟರಿಯಲ್ಲಿರುವುದು 504 ವ್ಯಾಟ್-ಅವರ್. ಐದನೇ ಒಂದು ಭಾಗ ಉಳಿಸಿಕೊಂಡರೂ, ಕಾಲು ಏನೂ ದುಡಿಯದಿದ್ದರೂ, ಸಾವಿರ ಮೀಟರಿನಷ್ಟು ಏರು ದಕ್ಕುತ್ತದೆ. ಮಣ್ಣಿನ ಎಳೆತ ಅದರಲ್ಲಿ ಒಂದಿಷ್ಟನ್ನು ಕಸಿದುಕೊಳ್ಳುತ್ತದೆ. ಮೋಟಾರಿಗೆ ವಿದ್ಯುತ್ ಹರಿಸುವ ಕಂಟ್ರೋಲರ್ 25 ಆಂಪಿಯರ್ ಎಳೆಯುವಾಗ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್ ಆದ ಬಿಎಂಎಸ್ 20ಕ್ಕೇ ಕೈಕೊಡುವಂತಿದ್ದರೆ ಏರಿನ ನಡುವೆ ಮೋಟಾರ್ ನಿಂತುಬಿಡುತ್ತದೆ. ಎರಡೂ ಅಂಕಿಗಳನ್ನು ಬರೆಸಿಕೊಳ್ಳಿ.

ಕಿಟ್‌ನಿಂದ ಸೈಕಲ್ಲಿನ ತೂಕ ಆರೇಳು ಕಿಲೋ ಹೆಚ್ಚುವುದರಿಂದ ಡಿಸ್ಕ್ ಬ್ರೇಕ್ ಇಲ್ಲದ ಸೈಕಲ್ಲಿಗೆ ಇದು ತರವಲ್ಲ. ಬ್ರೇಕ್ ಹಿಡಿದಾಗಲೂ ಗೇರ್ ಬದಲಿಸುವಾಗಲೂ ಮೋಟಾರನ್ನು ತಡೆಹಿಡಿಯುವ ಸೆನ್ಸರ್‌ಗಳನ್ನು ಜೊತೆಗೇ ಕೊಳ್ಳಿ.

ಕೊನೆಗೆ ವ್ಯಾಟು. ನಮ್ಮ ದೇಶದ ನಿಯಮದಂತೆ 30 ನಿಮಿಷದ ಶಕ್ತಿ (ಮೋಟಾರ್ ಅರ್ಧ ಗಂಟೆ ಎಡೆಬಿಡದೆ ಕೊಡಬಲ್ಲ ಶಕ್ತಿ) 250 ವ್ಯಾಟಿಗಿಂತ ಕಡಿಮೆ ಹಾಗೂ ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದು, ಪರೀಕ್ಷಾ ಸಂಸ್ಥೆಯ ಮಾನ್ಯತೆಯೂ ಇರುವ ಬ್ಯಾಟರಿ ವಾಹನವನ್ನಷ್ಟೇ ಮೋಟಾರು ವಾಹನವಲ್ಲವೆಂದು ಪರಿಗಣಿಸುತ್ತಾರೆ. ಎಲ್ಲೆಡೆ ಮಾರಾಟವಾಗುವ 750 ವ್ಯಾಟಿನ ಕಿಟ್ ಈ ಮಿತಿಯನ್ನು ದಾಟುತ್ತದೆ, ಅಂಗಡಿಯವರು ಏನೇ ಹೇಳಲಿ. ಅರಣ್ಯದ ಹಾದಿಗೆ ಒಯ್ಯುವುದಾದರೆ ಮೋಟಾರ್ ಕೂಡಿಸಿದ ಸೈಕಲ್ಲಿಗೆ ಅಲ್ಲಿ ಅವಕಾಶವಿದೆಯೇ ಎಂದು ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿರಿ.