ಆಜ್ಞೆಗಳಿಗಿಂತ ಮೊದಲು ಒಡಂಬಡಿಕೆ

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವಿನ ಒಂದು ಧರ್ಮಕೇಂದ್ರದಲ್ಲಿ ನಾನು ಹನ್ನೊಂದು ವರ್ಷಗಳಿಂದ ಭಾನುವಾರದ ಬಲಿಪೂಜೆಯ ನಂತರ ಧರ್ಮೋಪದೇಶ ತರಗತಿ ನಡೆಸುತ್ತಿದ್ದೇನೆ. ಮೊದಲ ಕೆಲವು ವರ್ಷ, ನಾನು ಚಿಕ್ಕಂದಿನಲ್ಲಿ ಕಲಿತಂತೆಯೇ ದಶಾಜ್ಞೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಏಳನೆಯ ತರಗತಿಯ ಮಕ್ಕಳು ಒಂದೂ ತಪ್ಪದೆ ಒಪ್ಪಿಸುತ್ತಿದ್ದರು. ಒಮ್ಮೆ, ಒಡಂಬಡಿಕೆ ಎಂದರೇನೆಂದು ಕೇಳಿದಾಗ ಒಬ್ಬ ಹುಡುಗಿ, "ಬೈಬಲಿನ ಒಂದು ಭಾಗ, ಟೀಚರ್" ಎಂದಳು. ತಪ್ಪು ಅವಳದಲ್ಲ. ಹಳೆಯ ಒಡಂಬಡಿಕೆಯಲ್ಲಿ 46, ಹೊಸದರಲ್ಲಿ 27, ಒಟ್ಟು 73 ಗ್ರಂಥಗಳೆಂದು ಲೆಕ್ಕ ಕಲಿಸಿದ್ದ ನಾನು, ಆ ಪದವು ದೇವರು ತಮ್ಮ ಜನರೊಂದಿಗೆ ಬೆಸೆದುಕೊಂಡ ಸಂಬಂಧದ ಹೆಸರೆಂಬುದನ್ನು ಹೇಳಿಯೇ ಇರಲಿಲ್ಲ.

ಅಂದಿನಿಂದ ಪಾಠದ ಕ್ರಮವನ್ನು ಬದಲಿಸಿದೆ. ಈಗ ಆದಿಕಾಂಡದ 15ನೆಯ ಅಧ್ಯಾಯದಿಂದ ಆರಂಭಿಸುತ್ತೇನೆ. ದೇವರ ವಾಗ್ದಾನ ಪಡೆದ ಅಬ್ರಾಮನು (ಮುಂದೆ ಅಬ್ರಹಾಮ) ಪ್ರಾಣಿಗಳನ್ನು ಸೀಳಿ ಎದುರುಬದುರಾಗಿ ಇಡುತ್ತಾನೆ. ಒಡಂಬಡಿಕೆ ಮಾಡಿಕೊಳ್ಳುವವರು ಆ ತುಂಡುಗಳ ನಡುವೆ ನಡೆದು ಮಾತಿಗೆ ಕಟ್ಟುಬೀಳುವುದು ಅಂದಿನ ಪದ್ಧತಿ. ಕತ್ತಲು ಕವಿದ ಮೇಲೆ ದೇವರ ಸಾನ್ನಿಧ್ಯದ ಗುರುತಾಗಿ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಆ ತುಂಡುಗಳ ನಡುವೆ ಹಾದುಹೋಗುತ್ತವೆ, ಆದರೆ ಅಬ್ರಾಮನು ಹಾದುಹೋಗುವುದಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಬೆಳೆದ ನನ್ನ ಮಕ್ಕಳಿಗೆ ಕರಾರು ಚೆನ್ನಾಗಿ ಗೊತ್ತು: ಕೆಲಸ ಇರುವತನಕ ಮನೆ. ಇಲ್ಲಿ ದೇವರು ತಾವೇ ಮಾತಿಗೆ ಕಟ್ಟುಬಿದ್ದರು ಎಂದಾಗ ತರಗತಿ ನಿಶ್ಶಬ್ದವಾಗುತ್ತದೆ.

ಆಮೇಲೆ ವಿಮೋಚನಾಕಾಂಡ. ಅದರ 20ನೆಯ ಅಧ್ಯಾಯದಲ್ಲಿ ಮೊದಲು ಬರುವುದು ಆಜ್ಞೆಯಲ್ಲ, ಈಜಿಪ್ಟಿನ ಗುಲಾಮತನದಿಂದ ನಿನ್ನನ್ನು ಬಿಡಿಸಿದವನು ನಾನೇ ಎಂಬ ನೆನಪು. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ (ಕ್ಯಾಟೆಕಿಸಂ) ಆಜ್ಞೆಗಳು ಎರಡನೆಯ ಸ್ಥಾನದಲ್ಲಿ ಬರುತ್ತವೆ ಎಂದೇ ಹೇಳುತ್ತದೆ.

ಅತ್ಯಂತ ಕಠಿಣ ಪ್ರಶ್ನೆ ಎದುರಾದದ್ದು, ದೇವರ ದಿನವನ್ನು ಪವಿತ್ರವಾಗಿ ಆಚರಿಸಬೇಕೆಂಬ ಮೂರನೆಯ ಆಜ್ಞೆಯ ಪಾಠದಲ್ಲಿ. ಕಾಫಿ ಕೊಯ್ಲಿನ ದಿನಗಳವು. ಭಾನುವಾರವೂ ಹಣ್ಣು ಬಿಡಿಸಲು ಹೋಗುವ ತನ್ನ ತಾಯಿ ಪಾಪ ಮಾಡುತ್ತಿದ್ದಾಳೆಯೇ ಎಂದು ಒಬ್ಬ ಹುಡುಗ ಕೇಳಿದ. ಕುಟುಂಬದ ಅಗತ್ಯವು ಭಾನುವಾರದ ವಿಶ್ರಾಂತಿಗೆ ನ್ಯಾಯವಾದ ವಿನಾಯಿತಿಯೆಂದು ಧರ್ಮಸಭೆ ಒಪ್ಪುತ್ತದೆ ಎಂದು ಹೇಳಿ, ದಶಾಜ್ಞೆಗಳು ಮತ್ತೆ ಬರುವ, ಬೈಬಲಿನ ಧರ್ಮೋಪದೇಶಕಾಂಡದ 5ನೆಯ ಅಧ್ಯಾಯವನ್ನು ಅವನಿಂದಲೇ ಓದಿಸಿದೆ. ವಿಮೋಚನಾಕಾಂಡವು ಸಬ್ಬತ್ತಿಗೆ, ಅಂದರೆ ವಾರದ ವಿಶ್ರಾಂತಿಯ ದಿನಕ್ಕೆ, ಸೃಷ್ಟಿಯ ಏಳನೆಯ ದಿನವನ್ನು ಕಾರಣವಾಗಿ ಕೊಟ್ಟರೆ, ಈ ಅಧ್ಯಾಯವು ಆಳುಗಳಿಗೂ ವಿಶ್ರಾಂತಿ ಸಿಗಲಿ, ನೀನೂ ಗುಲಾಮನಾಗಿದ್ದೆ ಎಂದು ಯಜಮಾನನಿಗೇ ನೆನಪಿಸುತ್ತದೆ. ಹುಡುಗ ಅದನ್ನು ಎರಡು ಸಲ ಓದಿದ. ಆಜ್ಞೆಯು ತನ್ನ ತಾಯಿಯ ಪರವಾಗಿದೆ ಎಂದು ಅವನಿಗೆ ತಿಳಿದದ್ದು ನನಗೆ ಇಂದಿಗೂ ಸಂತೋಷದ ಸಂಗತಿ.

ಶಾಲೆಯ ಪ್ರೊಟೆಸ್ಟಂಟ್ ಗೆಳೆಯರ ಪಟ್ಟಿಯಲ್ಲಿ ಆಜ್ಞೆಗಳ ಸಂಖ್ಯೆ ಬೇರೆಯಾಗಿರುವುದೇಕೆ ಎಂಬ ಪ್ರಶ್ನೆಯೂ ಪ್ರತಿವರ್ಷ ಬರುತ್ತದೆ. ಶ್ರೀಗ್ರಂಥವು ಹತ್ತು ಎನ್ನುತ್ತದೆಯೇ ಹೊರತು ಅವುಗಳಿಗೆ ಸಂಖ್ಯೆ ಹಾಕಿಲ್ಲ. ನಾವು ಸಂತ ಅಗಸ್ಟೀನರ ವಿಂಗಡಣೆಯನ್ನು ಅನುಸರಿಸುತ್ತೇವೆ ಎಂದರೆ ಸಾಕಾಗುತ್ತದೆ.

ಕೊನೆಯ ಪಾಠಕ್ಕೆ ಮಕ್ಕಳನ್ನು ದೇವಾಲಯದೊಳಗೆ, ಪೀಠದ ಮುಂದಕ್ಕೆ ಕರೆದೊಯ್ಯುತ್ತೇನೆ. ಮೋಶೆಯು ಒಡಂಬಡಿಕೆಯ ಗುರುತಾಗಿ ಬಲಿಯ ರಕ್ತದಲ್ಲಿ ಅರ್ಧವನ್ನು ಪೀಠದ ಮೇಲೂ ಉಳಿದದ್ದನ್ನು ಜನರ ಮೇಲೂ ಚಿಮುಕಿಸಿದ ಭಾಗವನ್ನು ಒಬ್ಬರು ಓದುತ್ತಾರೆ; ಯೇಸುಸ್ವಾಮಿ ಕಡೆಯ ಭೋಜನದಲ್ಲಿ ಪಾನಪಾತ್ರೆಯನ್ನು ತಮ್ಮ ರಕ್ತದ ಹೊಸ ಒಡಂಬಡಿಕೆ ಎಂದು ಕರೆದ ಲೂಕನ 22ನೆಯ ಅಧ್ಯಾಯವನ್ನು ಇನ್ನೊಬ್ಬರು ಓದುತ್ತಾರೆ. ದಶಾಜ್ಞೆಗಳನ್ನು ಒಪ್ಪಿಸುವುದು ಅನಂತರವೇ, ಅದೂ ಬಿಡುಗಡೆಯ ಆ ಮೊದಲ ವಾಕ್ಯದಿಂದ.