ಮದುವೆಗೆ ಮುಂಚೆ ಥಲಸ್ಸೇಮಿಯಾ ಪರೀಕ್ಷೆ: ಎಲ್ಲಿಂದ ಶುರು ಮಾಡಬೇಕು?

ಥಲಸ್ಸೇಮಿಯಾ ಅಂದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಅಪ್ಪ ಅಮ್ಮನಿಂದ ಜೀನ್ ಮೂಲಕ ಬರುವ ತೊಂದರೆ. ದೋಷದ ಜೀನ್ ಒಬ್ಬರಿಂದ ಮಾತ್ರ ಬಂದಿದ್ದರೆ ಮೈನರ್, ಇಬ್ಬರಿಂದಲೂ ಬಂದರೆ ಮೇಜರ್. ಮೊದಲು ಮನೆಯಲ್ಲಿರುವ ಹಳೇ ರಕ್ತಪರೀಕ್ಷೆಯ ರಿಪೋರ್ಟ್ ಹುಡುಕಿ. ಜ್ವರ ಬಂದಾಗಲೋ ಕೆಲಸಕ್ಕೆ ಸೇರುವಾಗಲೋ ಮಾಡಿಸಿದ ಸಿಬಿಸಿ (ರಕ್ತಕಣಗಳ ಎಣಿಕೆ) ಎಲ್ಲಾದರೂ ಬಿದ್ದಿರುತ್ತದೆ. ನಾವೆಲ್ಲ ಹಿಮೋಗ್ಲೋಬಿನ್ ಒಂದನ್ನೇ ನೋಡಿ ಮಡಚಿ ಇಡುತ್ತೇವೆ, ಅಲ್ವಾ? ಅದರ ಕೆಳಗಿನ ಸಾಲುಗಳನ್ನೂ ಓದಿ. ಎಂಸಿವಿ (ಕೆಂಪು ಕಣದ ಗಾತ್ರ) 80ಕ್ಕಿಂತ ಕಡಿಮೆ, ಎಂಸಿಎಚ್ (ಒಂದು ಕಣದಲ್ಲಿರುವ ಹಿಮೋಗ್ಲೋಬಿನ್) 27ಕ್ಕಿಂತ ಕಡಿಮೆ, ಆದರೂ ಕೆಂಪು ಕಣಗಳ ಸಂಖ್ಯೆ 5 ಮಿಲಿಯನ್ ದಾಟಿದೆ ಅಂದರೆ ಥಲಸ್ಸೇಮಿಯಾ ಮೈನರ್ ಇರಬಹುದು. ಕಬ್ಬಿಣಾಂಶ ಕಡಿಮೆಯಾದಾಗಲೂ ಕಣ ಸಣ್ಣದಾಗುತ್ತದೆ, ಆದರೆ ಆಗ ಸಾಮಾನ್ಯವಾಗಿ ಕಣಗಳ ಸಂಖ್ಯೆಯೂ ಇಳಿದಿರುತ್ತದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಎಂಸಿವಿ 66, ಕಣಗಳು 5.8 ಮಿಲಿಯನ್ ಇದ್ದರೆ, 66ನ್ನು 5.8ರಿಂದ ಭಾಗಿಸಿದಾಗ ಸುಮಾರು 11.4 ಬರುತ್ತದೆ. 13ಕ್ಕಿಂತ ಕಡಿಮೆ ಬಂದರೆ ಅನುಮಾನ ಜಾಸ್ತಿ. ಇದು ಬರೀ ಸುಳಿವು, ಇದನ್ನೇ ನಂಬಿ ಕೂರಬೇಡಿ.

ಖಚಿತ ಮಾಡಿಕೊಳ್ಳೋಕೆ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು, ಅಂದರೆ ರಕ್ತದಲ್ಲಿರುವ ಬೇರೆ ಬೇರೆ ಬಗೆಯ ಹಿಮೋಗ್ಲೋಬಿನ್ ಬೇರ್ಪಡಿಸಿ ಅಳೆಯುವುದು. ಲ್ಯಾಬಿನಲ್ಲಿ 'ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ' ಅಂತಲೇ ಕೇಳಿ. ರಿಪೋರ್ಟಿನಲ್ಲಿ ನೋಡಬೇಕಾದ್ದು ಎ2 ಅನ್ನುವ ಬಗೆಯ ಹಿಮೋಗ್ಲೋಬಿನ್ನಿನ ಅಂಕಿ. ಅದು ಶೇ. 4 ದಾಟಿದ್ದು ಕಣಗಳೂ ಸಣ್ಣದಿದ್ದರೆ ನೀವು ಬೀಟಾ ಥಲಸ್ಸೇಮಿಯಾ ಮೈನರ್. 3.5ರಿಂದ 4ರ ಮಧ್ಯೆ ಬಂದರೆ ಡಾಕ್ಟರ್ ಹತ್ತಿರ ಮಾತಾಡಿ, ಡಿಎನ್‌ಎ ಪರೀಕ್ಷೆ ಬೇಕಾಗಬಹುದು. ಕಬ್ಬಿಣಾಂಶ ತುಂಬಾ ಕಡಿಮೆ ಇದ್ದರೆ ಎ2 ಸುಳ್ಳು ಸುಳ್ಳೇ ಇಳಿದು ನಾರ್ಮಲ್ ಥರ ಕಾಣಬಹುದು, ಅದಕ್ಕೇ ಜೊತೆಗೆ ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆಯೂ ಮಾಡಿಸಿಬಿಡಿ. ಹತ್ತಿರದಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಮೂರು ತಿಂಗಳು ಕಾಯಿರಿ, ಇಲ್ಲದಿದ್ದರೆ ಕೊಟ್ಟವರ ರಕ್ತವೂ ಸೇರಿ ರಿಪೋರ್ಟ್ ಕಲಸುಮೇಲೋಗರ ಆಗುತ್ತದೆ.

ಮೈನರ್ ಅಂದರೆ ಕಾಯಿಲೆ ಅಲ್ಲ. ಸ್ವಲ್ಪ ರಕ್ತಹೀನತೆ ಇರಬಹುದು, ಅಷ್ಟೇ. ಮಕ್ಕಳಾಗೋದಕ್ಕೂ ಅದೇನೂ ಅಡ್ಡಿ ಮಾಡೋದಿಲ್ಲ. ಫೆರಿಟಿನ್ ನೋಡದೆ ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗೋದು ಮಾತ್ರ ದಂಡ.

ತೊಂದರೆ ಬರೋದು ಇಬ್ಬರೂ ಮೈನರ್ ಆಗಿದ್ದಾಗ. ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್ ಬರುವ ಸಾಧ್ಯತೆ ಶೇ. 25. ಮೊದಲ ಮಗು ಚೆನ್ನಾಗಿದೆ ಅಂತ ಎರಡನೆಯದಕ್ಕೆ ಈ ಲೆಕ್ಕ ಬದಲಾಗೋದಿಲ್ಲ. ಮೇಜರ್ ಇರುವ ಮಗುವಿಗೆ ಹೆಚ್ಚಾಗಿ ಎರಡು ವರ್ಷದೊಳಗೇ ರಕ್ತ ಹಾಕಿಸೋದು ಶುರುವಾಗಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಜೀವನಪೂರ್ತಿ ನಡೆಯುತ್ತದೆ, ಆ ರಕ್ತದಿಂದ ಮೈಯಲ್ಲಿ ಸೇರಿಕೊಳ್ಳುವ ಕಬ್ಬಿಣ ಹೊರಹಾಕೋಕೆ ಬೇರೆ ಔಷಧ ಬೇಕು, ಆ ಔಷಧ ಸರಿಯಾಗಿ ಸಿಗದಿದ್ದರೆ ಹೃದಯ, ಲಿವರ್, ಮೆದುಳಿನ ಪಿಟ್ಯುಟರಿ ಗ್ರಂಥಿ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಪಿಟ್ಯುಟರಿ ಕೆಟ್ಟರೆ ವಯಸ್ಸಿಗೆ ಬರೋದೂ ತಡ, ಮುಂದೆ ಮಕ್ಕಳಾಗೋದೂ ಕಷ್ಟ.

ನಮ್ಮ ಕಡೆ ಅತ್ತೆ ಮಗ, ಮಾವನ ಮಗಳು, ಕೆಲವು ಮನೆಗಳಲ್ಲಿ ಸೋದರಮಾವನಿಗೇ ಕೊಡುವ ಪದ್ಧತಿ ಇದೆಯಲ್ಲ, ಅಂಥ ಕಡೆ ಈ ಪರೀಕ್ಷೆ ಬಿಡಲೇಬೇಡಿ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ನಾಲ್ಕನೇ ಒಂದು ಭಾಗ ಜೀನ್ ಒಂದೇ. ಅತ್ತೆ ಮಗ, ಮಾವನ ಮಗಳಲ್ಲಿ ಎಂಟನೇ ಒಂದು. ಹಾಗಂತ ಸಂಬಂಧದ ಹೊರಗೆ ಮದುವೆಯಾದವರು ಪಾರಾದರು ಅಂತಲ್ಲ. ಒಬ್ಬರಿಗೆ ಬೀಟಾ ಮೈನರ್, ಇನ್ನೊಬ್ಬರಿಗೆ ಸಿಕಲ್ ಸೆಲ್ ಅಥವಾ ಹಿಮೋಗ್ಲೋಬಿನ್ ಇ (ಇವೂ ಹಿಮೋಗ್ಲೋಬಿನ್ನಿನ ಜೀನ್ ದೋಷಗಳೇ) ಇದ್ದರೂ ಮಗುವಿಗೆ ಕಷ್ಟ ಬರಬಹುದು. ಎಚ್‌ಪಿಎಲ್‌ಸಿಯಲ್ಲಿ ಇವೂ ಗೊತ್ತಾಗುತ್ತವೆ.

ಈ ಮಾತು ಎತ್ತೋದು ಯಾರು? ನನ್ನ ಪ್ರಕಾರ ಗಂಡಿನ ಕಡೆಯವರು. ಹುಡುಗಿ ಮನೆಯವರು ಕೇಳಿದರೆ 'ಇವರಿಗೇನೋ ಐಬು ಇರಬೇಕು' ಅಂತ ಶುರುವಾಗುತ್ತದೆ. ಹುಡುಗನೇ ಮೊದಲು ತನ್ನ ರಿಪೋರ್ಟ್ ತೋರಿಸಿದರೆ ಅರ್ಧ ಮುಜುಗರ ಹೋಯಿತು. ಜಾತಕ ಕೈಬದಲಾಗುವ ಹೊತ್ತಿಗೇ ಇದೂ ಆಗಲಿ, ಛತ್ರ ಬುಕ್ ಆದಮೇಲೆ ಯಾರಿಗೂ ಕೇಳುವ ಧೈರ್ಯ ಇರೋದಿಲ್ಲ.

ಇಬ್ಬರೂ ಮೈನರ್ ಅಂತ ಬಂದರೆ ಮದುವೆ ಮುರಿಯಲೇಬೇಕು ಅಂತೇನಿಲ್ಲ. ಜೆನೆಟಿಕ್ ಕೌನ್ಸೆಲರ್ (ಜೀನ್ ತೊಂದರೆಗಳ ಬಗ್ಗೆ ಸಲಹೆ ಕೊಡುವವರು) ಹತ್ತಿರ ಹೋಗಿ, ಬಸಿರಾಗುವ ಮುಂಚೆಯೇ ಇಬ್ಬರ ಡಿಎನ್‌ಎ ಪರೀಕ್ಷೆ ಮಾಡಿಸಿ ದೋಷ ಜೀನಿನಲ್ಲಿ ಎಲ್ಲಿದೆ ಅಂತ ಪತ್ತೆ ಮಾಡಿಟ್ಟುಕೊಳ್ಳಿ. ಇದಕ್ಕೇ ವಾರಗಟ್ಟಲೆ ಹಿಡಿಯಬಹುದು. ಆಮೇಲೆ 11ರಿಂದ 13ನೇ ವಾರದಲ್ಲಿ ಸಿವಿಎಸ್, ಅಂದರೆ ಮಾಸು ಬೆಳೆಯುವ ಜಾಗದಿಂದ ಚೂರು ತೆಗೆದು ನೋಡುವ ಪರೀಕ್ಷೆ. ಅದು ತಪ್ಪಿದರೆ 16ನೇ ವಾರದ ಹೊತ್ತಿಗೆ ಗರ್ಭದ ನೀರು ತೆಗೆದು ನೋಡುತ್ತಾರೆ. ಎರಡರಲ್ಲೂ ಗರ್ಭಪಾತದ ಸಣ್ಣ ಅಪಾಯ ಇದೆ, ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಮಗು ಗಂಡೋ ಹೆಣ್ಣೋ ಅಂತ ಕೇಳಬೇಡಿ, 1994ರ ಲಿಂಗಪತ್ತೆ ತಡೆ ಕಾಯ್ದೆ ಪ್ರಕಾರ ಹೇಳೋದೂ ಕೇಳೋದೂ ಅಪರಾಧ. ಐವಿಎಫ್ ಮಾಡಿಸಿ ಭ್ರೂಣವನ್ನೇ ಪರೀಕ್ಷಿಸಿ ಗರ್ಭಕ್ಕೆ ಬಿಡುವ ದಾರಿಯೂ ಇದೆ, ಖರ್ಚು ಮಾತ್ರ ಜೋರು.

ಈಗಾಗಲೇ ಬಸಿರಾಗಿದ್ದರೆ ಮೊದಲ ಚೆಕಪ್‌ನಲ್ಲೇ ಎಚ್‌ಪಿಎಲ್‌ಸಿ ಕೇಳಿ. ಹೆಂಡತಿಗೆ ಮೈನರ್ ಅಂತ ಬಂದರೆ ಗಂಡ ಅದೇ ವಾರ ಪರೀಕ್ಷೆಗೆ ರಕ್ತ ಕೊಡಬೇಕು, 'ನನಗೇನಾಗಿದೆ' ಅಂತ ಮುಂದೂಡಿದಷ್ಟೂ ದಾರಿಗಳು ಮುಚ್ಚುತ್ತವೆ. ಮಗುವಿಗೆ ಮೇಜರ್ ಅಂತ ಗೊತ್ತಾಗಿ ಗರ್ಭ ತೆಗೆಸೋದಾದರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಪ್ರಕಾರ 24 ವಾರ ದಾಟಿದ ಮೇಲೆ ವಿಷಯ ಮೆಡಿಕಲ್ ಬೋರ್ಡ್ ಮುಂದೆ ಹೋಗಬೇಕು.

ನಿಮಗೆ ಮೈನರ್ ಇದೆ ಅಂತ ಗೊತ್ತಾದರೆ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿ, ಅವರಿಗೂ ಇರುವ ಸಾಧ್ಯತೆ ಕಡಿಮೆಯೆಂದರೂ ಅರ್ಧಕ್ಕರ್ಧ. ಸುಮ್ನೆ ಫ್ಯಾಮಿಲಿ ಗ್ರೂಪಿಗೆ ರಿಪೋರ್ಟ್ ಹಾಕಬೇಡಿ, ಅಲ್ಲಿ ಮದುವೆ ವಯಸ್ಸಿನ ಹುಡುಗಿಯರೂ ಇರುತ್ತಾರೆ, ಅವರ ಬಗ್ಗೆ ಮಾತಾಡುವ ದೊಡ್ಡಮ್ಮಂದಿರೂ ಇರುತ್ತಾರೆ.