ಹಸಿರು ಯೋಜನೆಯ ಲಾಭ ಹುಡುಕಬೇಕಾದ್ದು ಕಂಪ್ರೆಸರ್ ರೂಮಿನಲ್ಲಿ

ಮಾಲಿನ್ಯವನ್ನು ಹುಟ್ಟುವಲ್ಲೇ ತಡೆದರೆ ಖರ್ಚೂ ಉಳಿಯುತ್ತದೆ ಎಂಬ ಲೆಕ್ಕದ ಮೇಲೆ 3ಎಂ ಕಂಪನಿ 1975ರಲ್ಲೇ ಒಂದು ಕಾರ್ಯಕ್ರಮ ಶುರುಮಾಡಿತು. ಅದೇ ದಾರಿ ಹಿಡಿಯುವ ದೊಡ್ಡ ಕಂಪನಿ ಸೋಲಾರ್ ಪ್ಯಾನೆಲ್‌ಗಿಂತ ಮೊದಲು ಕಾರ್ಖಾನೆಯಲ್ಲಿ ಕಂಪ್ರೆಸರ್ ಒತ್ತಿದ ಗಾಳಿಯನ್ನು ಯಂತ್ರಗಳಿಗೆ ಒಯ್ಯುವ ಪೈಪುಗಳನ್ನು ನೋಡುವುದು ಮೇಲು.

ರಜೆಯ ದಿನ, ಗಾಳಿ ಬಳಸುವ ಯಂತ್ರಗಳೆಲ್ಲ ನಿಂತಿರುವಾಗ ಒಂದೇ ಕಂಪ್ರೆಸರ್ ಓಡಿಸಿ. ಲೋಡ್ (ಗಾಳಿ ಒತ್ತುವುದು) ಎಷ್ಟು ಹೊತ್ತು, ಅನ್‌ಲೋಡ್ (ಗಾಳಿ ಒತ್ತದೆ ಸುಮ್ಮನಿರುವುದು) ಎಷ್ಟು ಹೊತ್ತು ಎಂದು ಐದಾರು ಸುತ್ತು ಬರೆದುಕೊಳ್ಳಿ. 3 ನಿಮಿಷ ಲೋಡ್, 7 ನಿಮಿಷ ಅನ್‌ಲೋಡ್ ಇದ್ದರೆ ಆ ಕಂಪ್ರೆಸರಿನ ಸಾಮರ್ಥ್ಯದಲ್ಲಿ ಶೇ. 30ರಷ್ಟು ಗಾಳಿ ಸೋರಿಹೋಗುತ್ತಿದೆ. ಶೇ. 10ರ ಒಳಗೆ ತರುವುದು ಗುರಿ. 7 ಬಾರ್ ಒತ್ತಡದಲ್ಲಿ 3 ಮಿ.ಮೀ. ತೂತೊಂದೇ ಸುಮಾರು 3ರಿಂದ 4 ಕಿಲೋವ್ಯಾಟ್ ನುಂಗುತ್ತದೆ. ವರ್ಷಕ್ಕೆ 8,000 ಗಂಟೆ ಓಡುವ ಕಾರ್ಖಾನೆಯಲ್ಲಿ ಅದು 24,000 ಯೂನಿಟ್‌ಗೂ ಹೆಚ್ಚು. ಸೋರಿಕೆಯ ಸದ್ದು ಗುರುತಿಸುವ ಅಲ್ಟ್ರಾಸಾನಿಕ್ ಡಿಟೆಕ್ಟರ್ ಹಿಡಿದು ಹೋಸ್ ಜೋಡಣೆ, ಕ್ವಿಕ್ ಕಪ್ಲಿಂಗ್, ಡ್ರೈನ್ ವಾಲ್ವ್‌ಗಳ ಬಳಿ ಮೊದಲು ಹುಡುಕಿ. ಡಿಟೆಕ್ಟರ್ ಇಲ್ಲದಿದ್ದರೆ ಸೋಪಿನ ನೀರು ಸಾಕು.

ಎಡವುವುದು ಇದರ ನಂತರ. ಸೋರಿಕೆ ಮುಚ್ಚಿದರೂ ಬಿಲ್ ಅಷ್ಟಾಗಿ ಇಳಿಯುವುದಿಲ್ಲ. ಯಾಕೆಂದರೆ ಸ್ಕ್ರೂ ಕಂಪ್ರೆಸರ್ ಅನ್‌ಲೋಡ್ ಆಗಿ ಸುಮ್ಮನೆ ತಿರುಗುವಾಗಲೂ ಪೂರ್ಣ ಲೋಡಿನ ಕಾಲು ಭಾಗಕ್ಕೂ ಹೆಚ್ಚು ವಿದ್ಯುತ್ ಎಳೆಯುತ್ತದೆ. ಹೆಚ್ಚುವರಿ ಯಂತ್ರವನ್ನು ಪೂರ್ತಿ ಆಫ್ ಮಾಡಿ. ಆಮೇಲೆ ಒತ್ತಡವನ್ನು ಸ್ವಲ್ಪಸ್ವಲ್ಪವೇ ತಗ್ಗಿಸುತ್ತ, ಪೈಪಿನ ಕಟ್ಟಕಡೆಯ ಯಂತ್ರಕ್ಕೆ ಸಾಲುತ್ತಿದೆಯೇ ನೋಡಿ; ಒಂದು ಬಾರ್ ಇಳಿದರೆ ಕಂಪ್ರೆಸರಿನ ವಿದ್ಯುತ್ ಶೇ. 6–7ರಷ್ಟು ಇಳಿಯುತ್ತದೆ.

ಫ್ಯಾನ್‌ಗಳಿಗೆ ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ವಿಎಫ್‌ಡಿ ಹಾಕಿ ವೇಗವನ್ನು ಶೇ. 80ಕ್ಕೆ ತಂದರೆ ವಿದ್ಯುತ್ ಹೆಚ್ಚುಕಡಿಮೆ ಅರ್ಧವಾಗುತ್ತದೆ. ನೀರನ್ನು ಎತ್ತರದ ಟ್ಯಾಂಕಿಗೆ ಏರಿಸುವ ಪಂಪಿನಲ್ಲಿ ಇಷ್ಟು ಉಳಿತಾಯ ನಿರೀಕ್ಷಿಸಬೇಡಿ.

ತಾಂತ್ರಿಕ ಕೆಲಸಕ್ಕಿಂತ ಬಿಗಿಯಾದ ಗಂಟು ಫೈನಾನ್ಸ್ ವಿಭಾಗದಲ್ಲಿದೆ. ಉಳಿದ ಹಣವನ್ನೆಲ್ಲ ಮುಂದಿನ ವರ್ಷ ಪ್ಲಾಂಟಿನ ಬಜೆಟ್‌ನಿಂದ ಕಡಿದುಕೊಂಡರೆ ಅಲ್ಲಿನ ಮ್ಯಾನೇಜರ್ ಎರಡನೇ ಪ್ರಸ್ತಾವ ತರುವುದೇ ಇಲ್ಲ, ತರಬೇಕಾದರೂ ಯಾಕೆ? ಒಂದು ಪಾಲನ್ನು ಪ್ಲಾಂಟಿನ ಮುಂದಿನ ಉಳಿತಾಯ ಯೋಜನೆಗಳಿಗೇ ಮೀಸಲಿಡಿ. ಸೋರಿಕೆ ದುರಸ್ತಿಯಂತೆ ಬೇಗ ಹಣ ಮರಳಿಸುವ ಕೆಲಸವನ್ನೂ ಬಾಯ್ಲರ್ ಬದಲಾವಣೆಯಂತೆ ವರ್ಷಗಟ್ಟಲೆ ಕಾಯಿಸುವ ಕೆಲಸವನ್ನೂ ಒಂದೇ ಪ್ರಸ್ತಾವದಲ್ಲಿ ಕಟ್ಟಿ ಕೊಡಿ. ಬಿಡಿಬಿಡಿಯಾಗಿ ಕೊಟ್ಟರೆ ಮೊದಲನೆಯದಕ್ಕಷ್ಟೇ ಸಹಿ ಬೀಳುತ್ತದೆ.

ಫಲಿತಾಂಶವನ್ನು ಒಟ್ಟು ಯೂನಿಟ್‌ನಲ್ಲೂ, ಒಂದು ಟನ್ ಉತ್ಪಾದನೆಗೆ ತಗುಲಿದ ಯೂನಿಟ್‌ನಲ್ಲೂ ಬರೆಯಿರಿ. ಆರ್ಡರ್ ಕಡಿಮೆಯಾದ ವರ್ಷ ಒಟ್ಟು ಬಳಕೆ ತಾನಾಗೇ ಇಳಿದಿರುತ್ತದೆ. ಅದನ್ನು ಉಳಿತಾಯವೆಂದು ತೋರಿಸಿದರೆ ಆಡಿಟರ್ ಮೊದಲು ಹಿಡಿಯುವುದೇ ಅದನ್ನು. ಸೋರಿಕೆ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಮತ್ತೆ ಆಗಲಿ, ಅಲುಗಾಡುವ ಜೋಡಣೆಗಳು ಸಡಿಲವಾಗುತ್ತಲೇ ಇರುತ್ತವೆ.